ಮಾವ ಬಿಗಿದ ಪಾಟಾ

ನನ್ನ ಹೆಂಡತಿ ಕಾರ್ ರೇಸಿಗೆ ಇಳಿಯುತ್ತಾಳೆ. ಹೀಗೆಂದ ಕೂಡಲೇ ಜನ ಅವಳನ್ನು ಬಿಟ್ಟು ನನ್ನನ್ನು ನೋಡುತ್ತಾರೆ, ಪಾಪ ಅನ್ನುವ ಹಾಗೆ. ಪಾಪ ಏನೂ ಇಲ್ಲ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನಮ್ಮ ಮನೆ, ಅಲ್ಲೇ ಕಾಲೇಜಿನ ವರ್ಕ್‌ಶಾಪಿನಲ್ಲಿ ನಾನು ಮೇಷ್ಟ್ರು. ಕಾರು ಸಜ್ಜು ಮಾಡುವುದು ನನ್ನ ಪಾಲು, ಓಡಿಸುವುದು ಅವಳ ಪಾಲು. ಕಾರು ಚಿಕ್ಕದು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ನೇರ ರಸ್ತೆಯಲ್ಲಿ ಅಕ್ಕಪಕ್ಕ ಎರಡು ಕಾರು ನಿಲ್ಲಿಸುತ್ತಾರೆ; ಆ ತುದಿ ಮೊದಲು ಮುಟ್ಟಿದವರು ಗೆದ್ದಂತೆ.

ನಮ್ಮ ಗೋಳು ಒಂದೇ. ಹಸಿರು ದೀಪ ಹತ್ತಿದರೆ ಸಾಕು, ನಮ್ಮ ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗಿ ಹೊಗೆ ಎಬ್ಬಿಸುತ್ತಿದ್ದವು. ಅಷ್ಟರಲ್ಲಿ ಪಕ್ಕದ ಕಾರು ಅರ್ಧ ದಾರಿ ಮುಟ್ಟಿರುತ್ತಿತ್ತು. ಎರಡು ಸಲ ಹೀಗೇ ಆಗಿ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ಮನೆಗೆ ಬಂದು ಹೆಲ್ಮೆಟ್ ಕೆಳಗಿಟ್ಟು, "ಇನ್ನೊಂದು ಸಲ ನೋಡ್ತೇನಿ. ಮತ್ತ ಹಿಂಗ ಆತಂದ್ರ ಕಾರು ಮಾರಿಬಿಡ್ರಿ, ನಾ ಕೂಡಂಗಿಲ್ಲ" ಅಂದಳು. ಅವಳು ಸುಮ್ಮಸುಮ್ಮನೆ ಆಡುವವಳಲ್ಲ.

ಹೊರಡುವಾಗ ಕಾರಿನ ಹಿಂಭಾಗ ಕುಕ್ಕರಿಸಬೇಕು. ಆಗ ಭಾರ ಹಿಂದಿನ ಗಾಲಿಗಳ ಮೇಲೆ ಬಿದ್ದು ಅವು ರಸ್ತೆ ಕಚ್ಚಿ ಹಿಡಿಯುತ್ತವೆ. ಅದಕ್ಕೆ ಮೆತ್ತಗಿನ ಪಾಟಾ ಬೇಕು; ಪಾಟಾ ಅಂದರೆ ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್ ಪಟ್ಟಿಗಳ ಕಟ್ಟು. ಮೂರೇ ಪಟ್ಟಿಯ ಹೊಸ ಜೋಡಿ ಮಾಡಿಸಿಕೊಂಡು, ಹಳೆಯದನ್ನು ಬದಲಿಸಲು ನಾನೊಬ್ಬನೇ ಇಳಕಲ್ಲಿಗೆ ಹೋದೆ, ಮಾವನವರ ಗ್ಯಾರೇಜಿಗೆ. ಗ್ರಾನೈಟ್ ಹೇರುವ ಲಾರಿಗಳ ಪಾಟಾ ಕಟ್ಟುವುದರಲ್ಲೇ ಅವರ ತಲೆ ಬೆಳ್ಳಗಾಗಿದೆ.

ತಪ್ಪಾದದ್ದು ಇಲ್ಲೇ. ನಾನು ಹೋದದ್ದು ಗ್ಯಾರೇಜಿಗೆ. ಅವರ ಪಾಲಿಗೆ ಬಂದವನು ಅಳಿಯ. ನಟ್ಟು ಬಿಚ್ಚುವ ಪಾನಾ ಕೈಗೆತ್ತಿಕೊಂಡೆನೋ ಇಲ್ಲವೋ, ಮಾವ ಕಸಿದುಕೊಂಡರು.

"ಅಳ್ಯಾರ ಕೈಲೆ ಕೆಲಸ ಮಾಡಿಸಿದ್ರಂತ ಓಣಿ ತುಂಬ ಆಡ್ಕೊಬೇಕೇನ್ರಿ? ನಡ್ರಿ, ಒಳಗ ಕುಂದರ್ರಿ."

ಗ್ಯಾರೇಜಿನ ಹಿಂದೆಯೇ ಮನೆ. ಒಳಗೆ ಅತ್ತೆಯವರು ಹೋಳಿಗೆಯ ಮೇಲೆ ಹೋಳಿಗೆ, ತುಪ್ಪದ ಮೇಲೆ ತುಪ್ಪ ಬಡಿಸಿದರು. ಎರಡು ಸಲ ಎದ್ದೆ, ಎರಡು ಸಲವೂ ಕೂಡಿಸಿದರು. ಮೂರನೆಯ ಸಲ ಏಳುವ ತ್ರಾಣ ಉಳಿದಿರಲಿಲ್ಲ. ಫ್ಯಾನಿನ ಕೆಳಗೆ ಒಂದು ಜೊಂಪು ಮುಗಿಸಿ ಕಣ್ಣು ಬಿಟ್ಟರೆ ಮಾವ ಕೈ ಒರೆಸಿಕೊಳ್ಳುತ್ತ ನಿಂತಿದ್ದರು. "ಗಟ್ಟಿ ಮಾಡೇನ್ರಿ ಅಳ್ಯಾರ, ಚಿಂತಿ ಬಿಡ್ರಿ." ಗಟ್ಟಿ ಅನ್ನುವ ಮಾತಿಗೇ ನಾನು ಬೆಚ್ಚಬೇಕಿತ್ತು. ತಿಂದ ತುಪ್ಪ ಬೆಚ್ಚಲು ಬಿಡಲಿಲ್ಲ.

ರೇಸು ಹುನಗುಂದದ ಆಚೆ, ಇನ್ನೂ ಸಂಚಾರಕ್ಕೆ ಬಿಡದ ಹೊಸ ರಸ್ತೆಯಲ್ಲಿ. ಎಲ್ಲರಿಗೂ ಎರಡೆರಡು ಓಟ. ಮಾವನವರೂ ರೊಟ್ಟಿ ಗಂಟಿನ ಸಮೇತ ಬಂದಿದ್ದರು. ಬೆಳಗಿನ ಓಟಕ್ಕೆ ಹಸಿರು ದೀಪ ಹತ್ತಿತು. ನಮ್ಮ ಕಾರು ಕುಕ್ಕರಿಸಲೇ ಇಲ್ಲ. ಗಾಲಿ ಚೀರಿದವು, ಹೊಗೆ ಎದ್ದಿತು, ಜನ ನಕ್ಕರು.

ಕಾರಿನಡಿ ತೂರಿ ನೋಡಿದೆ. ಮೂರು ಪಟ್ಟಿ ಇರಬೇಕಾದಲ್ಲಿ ಐದು! ನನಗೆ ಎಂಥ ಸಿಟ್ಟು ಬಂತೆಂದರೆ, ಅಳಿಯ ಅನ್ನುವುದು ಮರೆತೇಹೋಯಿತು.

"ಯಾರು ಹೇಳಿದ್ರು ನಿಮಗ?"

ಮಾವ ಜಗ್ಗಲಿಲ್ಲ. "ನೀವು ಓಡಸಾವ್ರಾಗಿದ್ರ ನೀವು ಹೇಳಿದಂಗ ಬಿಡ್ತಿದ್ದೆ. ಒಳಗ ಕುಂದ್ರಾಕಿ ನನ್ನ ಮಗಳ್ರಿ."

ಅಂದರೆ ನನ್ನ ಜೀವಕ್ಕೆ ಮೂರು ಪಟ್ಟಿ ಸಾಕಿತ್ತು.

ಅವಳು ಬಂದಳು. ಕಣ್ಣು ಕೆಂಪಗಿದ್ದವು. "ಅಪ್ಪಾ, ಇದು ಲಾರಿ ಅಲ್ಲ. ತಗಿ."

"ಒಂದ್ ತಗೀತೇನಿ ಮಗಳ. ಒಂದಿರಲಿ."

"ಎರಡೂ ತಗಿ."

ಮಾವ ಕಾರಿನಡಿ ಮಲಗಿದರು. ನಾನೂ ಪಕ್ಕದಲ್ಲೇ ಮಲಗಿದೆ. "ಅಂಗಿ ಹೊಲಸಾಗತೈತ್ರಿ" ಅಂದರು. "ಆಗಲಿ, ಪಾನಾ ಕೊಡ್ರಿ" ಅಂದೆ. ಈ ಸಲ ಕೊಟ್ಟರು. ಎರಡೂ ಕಡೆ ಬಿಚ್ಚಿ, ಹೆಚ್ಚಿನ ಪಟ್ಟಿ ತೆಗೆದು, ಮತ್ತೆ ಕೂಡಿಸುವ ಹೊತ್ತಿಗೆ ಊಟದ ಬಿಡುವು ಮುಗಿದಿತ್ತು. ನಾನು ಬಿಗಿದ ನಟ್ಟನ್ನೆಲ್ಲ ಮಾವ ಮತ್ತೆ ಬಿಗಿದರು. ಎದ್ದು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಇನ್ನೊಮ್ಮೆ ಬಿಗಿದರು.

ಎರಡನೆಯ ಓಟ. ಹಸಿರು ದೀಪ ಹತ್ತಿದ್ದೇ ಕಾರಿನ ಹಿಂಭಾಗ ಹದವಾಗಿ ಕುಸಿಯಿತು, ಗಾಲಿ ರಸ್ತೆ ಕಚ್ಚಿದವು, ಕಾರು ಚಿಮ್ಮಿ ಹೊರಟಿತು. ನಾನು ಆ ತುದಿಯಲ್ಲಿ ಗೆದ್ದವರ ಕಡೆ ಹತ್ತುವ ದೀಪವನ್ನೇ ನೋಡುತ್ತಿದ್ದೆ. ನಮ್ಮ ಕಡೆಯದು ಹತ್ತಿತು. ಮೇಷ್ಟ್ರಿಕೆ ಮರೆತು ಕುಣಿದಾಡಿದೆ.

ಮಾವ ರಸ್ತೆಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ ನಿಂತಿದ್ದರು.

"ಮಾವಾರ, ಗೆದ್ದಳ್ರಿ!"

"ಅದನ್ನ ಕೇಳ್ಲಿಲ್ರಿ. ಗಾಡಿ ನಿಂತತೇನು?"

ನಾನು ಅದನ್ನು ನೋಡಿಯೇ ಇರಲಿಲ್ಲ. ಆಗ ತಿರುಗಿ ನೋಡಿದೆ. ದೂರದಲ್ಲಿ ಕಾರು ನಿಂತಿತ್ತು. ಅವಳು ಕೆಳಗಿಳಿದು ಹೆಲ್ಮೆಟ್ ಬಿಚ್ಚುತ್ತಿದ್ದಳು.

"ನಿಂತೈತ್ರಿ" ಅಂದೆ. ಮಾವ ಆಮೇಲೆ ಕಣ್ಣು ಬಿಟ್ಟರು.