ಕತ್ತಿ ಇನ್ನೂ ತಯಾರಾಗಿಲ್ಲ

ಯರ್ರಿಸ್ವಾಮಿಯ ಕೈ ನಿಧಾನ, ಬಾಯಿ ಚುರುಕು. ಗಾಂಧಿನಗರದ ಅವನ ಕಟಿಂಗ್ ಶಾಪಿಗೆ ಬರುವವರೆಲ್ಲ ಇದನ್ನು ತಿಳಿದೇ ಬರುತ್ತಾರೆ. ಮೂವತ್ತು ವರ್ಷಗಳಿಂದ ಬಳ್ಳಾರಿಯ ಗಲ್ಲಗಳನ್ನು ಸವರಿದ ಮನುಷ್ಯ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ನಿದ್ದೆಯಿಲ್ಲ ಎಂಬುದು ಬೆರಳಿಗೇ ಗೊತ್ತಾಗುತ್ತಿತ್ತು. ಹಾಗಾಗಿ ಯುಗಾದಿ ಕಳೆದ ವಾರ ರಾರಾವಿ ಹಳ್ಳಿಗೆ ಹೋಗಿ ಅಣ್ಣ ದೊಡ್ಡಬಸವರಾಜನ ಮುಖ ಮುಟ್ಟಿದಾಗ ಅವನಿಗೆ ಡಾಕ್ಟರು ಏನೂ ಹೇಳಬೇಕಾಗಿರಲಿಲ್ಲ. ಚರ್ಮ ಅರಿಸಿನ ಬಳಿದಂತೆ ಹಳದಿಯಾಗಿತ್ತು, ಅದರ ಕೆಳಗೆ ಬರೀ ಎಲುಬು. ಲಿವರ್ ಪೂರ್ತಿ ಹೋಗಿದೆ, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ಆಸ್ಪತ್ರೆಯವರು ಕೈ ಚೆಲ್ಲಿದ್ದರು.

ಅಣ್ಣ ಕ್ಷೌರದ ಕಸುಬು ಹಿಡಿದವನಲ್ಲ. ಅಪ್ಪ ತೀರಿಕೊಂಡ ಮೇಲೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊತ್ತು, ತಮ್ಮನಿಗೆ ಅಂಗಡಿ ಹಾಕಿಕೊಟ್ಟವನು. ಅಪ್ಪನ ಹಡಪವನ್ನು, ಅಂದರೆ ಕತ್ತಿ, ಕತ್ತರಿ, ಬಟ್ಟಲು ಇಡುವ ತೊಗಲಿನ ಚೀಲವನ್ನು, ತಮ್ಮನ ಕೈಗೇ ಕೊಟ್ಟಿದ್ದ. ಅದರಲ್ಲೊಂದು ಮಡಚುವ ಕತ್ತಿಯಿತ್ತು. ಅಪ್ಪ ಅದನ್ನು ಜರ್ಮನ್ ಕತ್ತಿ ಎಂದು ಕರೆದು, ಹೆಂಡತಿಗೂ ಮುಟ್ಟಗೊಡುತ್ತಿರಲಿಲ್ಲ. ಗಿರಾಕಿಗಳು ಹೊಸ ಬ್ಲೇಡಿಗೆ ಹಟ ಹಿಡಿದ ಕಾಲಕ್ಕೆ ಅದು ಟ್ರಂಕು ಸೇರಿತು.

“ಲೇ, ಅಪ್ಪನ ಕತ್ತಿಲೆ ಒಮ್ಮಿ ಗಡ್ಡ ಮಾಡೋ,” ಎಂದ ಅಣ್ಣ. “ನನ್ನ ಮೊದಲನೇ ಗಡ್ಡ ಅದರಾಗ ಆಗೈತಿ. ಸತ್ತ ಮ್ಯಾಲೆ ಯಾರರ ಮಾಡ್ತಾರ, ಅದು ನನಗೇನು ತಿಳೀತೈತಿ? ಜೀವ ಇದ್ದಾಗ ಮಾಡು.”

ಆ ಮನುಷ್ಯ ತಮ್ಮನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಯರ್ರಿಸ್ವಾಮಿ ಅಂದೇ ಬಳ್ಳಾರಿಗೆ ಬಂದು ಟ್ರಂಕು ತೆಗೆದ. ಕತ್ತಿ ಕೆಂಪಗೆ ತುಕ್ಕು ಹಿಡಿದಿತ್ತು. ಕೊಂಬಿನ ಹಿಡಿ ಸೀಳಿತ್ತು, ಮೊಳೆ ಸಡಿಲಾಗಿ ಅಲಗು ಅಲ್ಲಾಡುತ್ತಿತ್ತು. ಸೀಮೆ ಎಣ್ಣೆಯಲ್ಲಿ ಎರಡು ದಿನ ನೆನೆಹಾಕಿ, ನಯವಾದ ಉಜ್ಜುಕಾಗದದಿಂದ ತಿಕ್ಕಿದ. ತುಕ್ಕು ಹೋಯಿತು. ಆದರೆ ಮಸೆಯುವುದು? ಬ್ಲೇಡು ಬದಲಿಸುತ್ತ ಬದಲಿಸುತ್ತ ಆ ವಿದ್ಯೆಯನ್ನೇ ಮರೆತಿದ್ದ. ಯಾರ ಮುಂದೂ ಸೋಲೊಪ್ಪದವನು ಈ ಸಲ ನಾಚಿಕೆ ಬಿಟ್ಟು ಕುರುಗೋಡಿಗೆ ಹೋಗಿ, ಅಪ್ಪನ ಜೊತೆಗಾರ ಮುದುಕ ಜೋಗಪ್ಪನ ಮುಂದೆ ಕೂತ.

“ಸಾಣಿ ಮಷೀನಿಗೆ ಕೊಟ್ಟಿ ಅಂದ್ರ ಉಕ್ಕು ಕಾದು ಸತ್ತ ಹೋಗತೈತಿ,” ಎಂದು ಜೋಗಪ್ಪ ಗದರಿದ. “ಕೈಲೆ ಮಸಿ. ಕಲ್ಲಿನ ಮ್ಯಾಲೆ ಕತ್ತಿ ಬಾಯಿ ಮುಂದ, ತೊಗಲಿನ ಮ್ಯಾಲೆ ಬೆನ್ನು ಮುಂದ. ಅವಸರ ಮಾಡಬ್ಯಾಡ.” ಹೊರಡುವಾಗ ತನ್ನ ಮಸೆಗಲ್ಲನ್ನೂ ಕೊಟ್ಟ, ಕಣ್ಣು ಮಂಜಾದವನಿಗೆ ಅದರ ಕೆಲಸವಿರಲಿಲ್ಲ.

ಹತ್ತು ದಿನ ಮಸೆದ. ಒಂದು ಸೋಮವಾರ ಸಂಜೆ ಅಲಗನ್ನು ಮುಂಗೈಗೆ ತಾಗಿಸಿದ ಕೂಡಲೇ ಕೂದಲು ತಾನಾಗಿ ಉದುರಿತು. ಹಿಗ್ಗಿ ಹೋದ ಯರ್ರಿಸ್ವಾಮಿ. ಹೊಸ ಹಿತ್ತಾಳೆ ಮೊಳೆ ಬಡಿದು, ಬಟ್ಟೆಯಲ್ಲಿ ಸುತ್ತಿ, ಮರುದಿನ ಅಂಗಡಿಗೆ ರಜೆ, ಬೆಳಗಿನ ಬಸ್ಸಿಗೇ ರಾರಾವಿ ಎಂದುಕೊಂಡ.

ಆಗ ಅವನ ಹಾಳು ತಲೆಗೆ ಹಳೆಯದೊಂದು ನೆನಪಾಯಿತು. ಹಾಸಿಗೆ ಹಿಡಿದ ಮೂವರು ಹಳೇ ಗಿರಾಕಿಗಳು ಅವನನ್ನು ಮನೆಗೆ ಕರೆಸಿ ಗಡ್ಡ ಮಾಡಿಸಿಕೊಂಡಿದ್ದರು. ಮೂವರೂ ಕನ್ನಡಿ ನೋಡಿ, ಗಲ್ಲ ಸವರಿಕೊಂಡು, ಸಾಕಪ್ಪ ಎಂದಿದ್ದರು. ಒಬ್ಬರೂ ಎಂಟು ದಿನ ಉಳಿಯಲಿಲ್ಲ. ಸಾಯುವವರು ಸತ್ತರು, ಅದಕ್ಕೂ ಸೋಪಿನ ನೊರೆಗೂ ಏನು ಸಂಬಂಧ? ಗಡ್ಡ ಮಾಡಿದ್ದಕ್ಕೇ ಸತ್ತರು ಎಂದು ಬೇರೆಯವರು ಹೇಳಿದ್ದರೆ ಯರ್ರಿಸ್ವಾಮಿಯೇ ಕುರ್ಚಿಯಲ್ಲಿ ಕೂರಿಸಿ ಗೇಲಿ ಮಾಡುತ್ತಿದ್ದ. ಆದರೆ ಮಲಗಿದ್ದವನು ಅಣ್ಣ. ಆಸೆಯೊಂದು ಬಾಕಿಯಿದ್ದರೆ ಜೀವ ಹಿಡಿದುಕೊಂಡಿರುತ್ತದೆ ಎಂದು ಅವನ ಎದೆ ನಂಬಿಬಿಟ್ಟಿತು.

ಮರುದಿನ ಬರಿಗೈಯಲ್ಲಿ ಹೋದ.

“ಕತ್ತಿ?”

“ಇನ್ನೂ ತಯಾರಾಗಿಲ್ಲಣ್ಣಾ. ಇನ್ನೊಂದು ವಾರ ಮಸೀಬೇಕು.”

“ಹಳೇ ಉಕ್ಕು, ಹಟ ಮಾಡತೈತಿ,” ಎಂದು ಅಣ್ಣ ನಕ್ಕ. ಅಣ್ಣ ನಕ್ಕಿದ್ದೇ ತನ್ನ ಉಪಾಯ ಫಲಿಸಿದ್ದಕ್ಕೆ ಸಾಕ್ಷಿ ಎಂದು ತಮ್ಮ ತಿಳಿದ.

ಮುಂದಿನ ಮಂಗಳವಾರ ಕತ್ತಿಯ ಬಾಯಿ ಮುಕ್ಕಾಗಿದೆ ಎಂದ. ಅದರ ಮುಂದಿನ ವಾರ, ಜೋಗಪ್ಪ ಇನ್ನೂ ಬೇಡ ಅಂದಿದ್ದಾನೆ ಎಂದು ಸುಳ್ಳು ಪೋಣಿಸಿದ. ಅಷ್ಟರಲ್ಲಿ ಅಣ್ಣನ ಗಡ್ಡ ಪೊದೆಯಂತೆ ಬೆಳೆದಿತ್ತು, ಗಂಜಿ ಕುಡಿಸಿದರೆ ಅದಕ್ಕೇ ಮೆತ್ತಿಕೊಳ್ಳುತ್ತಿತ್ತು. ಕೆರೆತಕ್ಕೆ ಕತ್ತೆಲ್ಲ ಗೀರು. ತೊಡೆಯ ಮೇಲಿದ್ದ ತಮ್ಮನ ಖಾಲಿ ಕೈಯನ್ನು ಅಣ್ಣ ನೋಡುತ್ತಿದ್ದ. ಯರ್ರಿಸ್ವಾಮಿ ಆ ಕೈಯನ್ನು ಬೆನ್ನ ಹಿಂದೆ ಸರಿಸುತ್ತಿದ್ದ. ಆದರೂ ಜೀವವೊಂದು ಇದೆಯಲ್ಲ ಎಂದುಕೊಂಡು ಬಸ್ಸು ಹತ್ತುತ್ತಿದ್ದ.

ಶನಿವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುತ್ತಿದ್ದಾಗ ಫೋನು ಬಂತು.

ಕತ್ತಿಯನ್ನು ತೆಗೆದುಕೊಂಡೇ ಹೋದ. ಮಣ್ಣಿಗೆ ಒಯ್ಯುವ ಮುಂಚೆ ಗಡ್ಡ ತೆಗೆಯುವುದು ಅವರ ಮನೆತನದ ರೂಢಿ. ಅಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅತ್ತಿಗೆ ಕೊಟ್ರಬಸಮ್ಮ ನೀರಿನ ಬಟ್ಟಲು ಹಿಡಿದು ಪಕ್ಕದಲ್ಲಿ ಕೂತಳು. ಉದ್ದ ಕೂದಲನ್ನು ಕತ್ತರಿಯಿಂದ ಇಳಿಸಿ, ನೊರೆ ಹಚ್ಚಿ, ಯರ್ರಿಸ್ವಾಮಿ ಕತ್ತಿ ಬಿಚ್ಚಿದ. ಅಲಗು ಎಲ್ಲೂ ತಡೆಯದೆ, ಒಂದು ಕೂದಲನ್ನೂ ಎಳೆಯದೆ ಹರಿಯಿತು. ಅಷ್ಟು ನಯವಾದ ಕ್ಷೌರವನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ.

“ಬೆಣ್ಣಿಯಂಗ ಹರಿಯಾಕತ್ತೈತಿ,” ಎಂದಳು ಕೊಟ್ರಬಸಮ್ಮ. “ಯಾವಾಗ ತಯಾರಾತು?”

ನಿನ್ನೆ ಎನ್ನಬಹುದಿತ್ತು. ಸುಳ್ಳಿಗೆ ನಾಲಿಗೆ ಪಳಗಿಯೂ ಇತ್ತು.

“ಮೂರು ವಾರ ಆಗಾಕ ಬಂತು, ಅತ್ತಿಗಿ.” ಅವನು ಅಲಗನ್ನು ನೀರಲ್ಲಿ ಅದ್ದಿದ. “ಗಡ್ಡ ಮಾಡಿದ್ರ ಅಣ್ಣ ಹೋಗಿಬಿಡ್ತಾನ ಅಂತ ಅಂಜಿದೆ.”

ಆಕೆ ಬಟ್ಟಲನ್ನು ನೆಲಕ್ಕಿಟ್ಟು, ಸೆರಗಿನಿಂದ ಗಂಡನ ಗದ್ದ ಒರೆಸಿದಳು.

“ಗುರುವಾರ ಈ ಊರಿನ ಕಟಿಂಗ್ ಶಾಪಿನ ಕರಿಬಸವ ಬಂದಿದ್ದ,” ಎಂದಳು. “ಕೆರೆತ ನೋಡಕಾಗವಲ್ದು, ಪುಕ್ಕಟೆ ಗಡ್ಡ ಮಾಡ್ತೀನಿ ಅಂದ. ಇವರು ಕೈ ಅಡ್ಡ ಹಿಡದ್ರು. ಬ್ಯಾಡೋ, ನನ್ನ ತಮ್ಮ ನನಗೋಸ್ಕರ ಹಗಲೂ ರಾತ್ರಿ ಕತ್ತಿ ಮಸೀತಾನ, ಅವನಿಗೆ ಬೇಜಾರಾಗತೈತಿ ಅಂದ್ರು.”