ಕಡೂರಿನಿಂದ ಒಂದು ಜರ್ನಲ್

ಕಡೂರಿನಂಥ ಊರಿನಿಂದ ಮನಃಶಾಸ್ತ್ರದ ಜರ್ನಲ್ ಹೊರಡುವುದು ಆಗುವ ಹೋಗುವ ಮಾತಲ್ಲ ಎಂದವರು ಪ್ರೊಫೆಸರ್ ನಂಜುಂಡಯ್ಯನವರು. ಎಂ.ಎ.ಯಲ್ಲಿ ನನಗೆ ಪಾಠ ಹೇಳಿದ ಮೇಷ್ಟ್ರು. "ಅಲ್ಲಿ ತೆಂಗಿನಕಾಯಿ ಮಂಡಿ ಇಡಮ್ಮ, ನಡೆಯುತ್ತೆ. ಜರ್ನಲ್ ಗಿರ್ನಲ್ ಯಾಕೆ?" ಅಂದಿದ್ದರು. ಪಕ್ಕದಲ್ಲಿದ್ದವರು ನಕ್ಕರು. ನಾನೂ ನಕ್ಕೆ, ಇಲ್ಲದಿದ್ದರೆ ಅತ್ತುಬಿಡುತ್ತಿದ್ದೆ.

ಇವತ್ತು ಬೆಳಿಗ್ಗೆ ಬೀರೂರಿನ ಪ್ರೆಸ್ಸಿನಿಂದ ಹೊಸ ಸಂಚಿಕೆಯ ಕಟ್ಟು ಬಂತು. ದಾರ ಕತ್ತರಿಸಿದೊಡನೆ ಹಸಿ ಶಾಯಿಯ ವಾಸನೆ ಮೂಗಿಗೆ ಬಡಿಯಿತು. ಕೆಲವರಿಗೆ ಮಣ್ಣಿನ ವಾಸನೆ ಬಂದರೆ ಅಜ್ಜಿ ನೆನಪಾಗುತ್ತಾಳಂತೆ. ನನಗೆ ಶಾಯಿಯ ವಾಸನೆ ಬಂದರೆ ನಂಜುಂಡಯ್ಯನವರು ನೆನಪಾಗುತ್ತಾರೆ, ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ನಾನು ಯಗಟಿಯವಳು. ನಮ್ಮದು ಕುರಿ ಸಾಕುವ ಮನೆ. ಡಿಗ್ರಿ ಎಂಬುದು ನಮ್ಮ ಹೊಸಿಲು ದಾಟಿದ್ದು ನನ್ನ ಜೊತೆಗೇ. ಊರಿನವರ ಲೆಕ್ಕದಲ್ಲಿ ಮನಃಶಾಸ್ತ್ರ ಎಂದರೆ ಕವಡೆ ಶಾಸ್ತ್ರದ ತಂಗಿ. ಒಮ್ಮೆ ಕಡೂರಿನ ಬಸ್ಸಿನಲ್ಲಿ ನಮ್ಮೂರಿನ ಅಜ್ಜನೊಬ್ಬ ಕಂಬಿ ಹಿಡಿದು ನಿಂತಲ್ಲಿಂದಲೇ ಕೇಳಿದ:

"ಏನವ್ವಾ, ಮನಸ್ಸಿನ ಓದು ಓದಿದೀಯಂತೆ. ನನ್ ಮನಸ್ನಾಗೆ ಏನೈತೆ ಹೇಳು ನೋಡಾನ."

"ಕೂರಾಕೊಂದು ಸೀಟು ಬೇಕು ಅಂತೈತೆ ಕಣಜ್ಜ" ಎಂದು ಎದ್ದು ನನ್ನ ಜಾಗ ಬಿಟ್ಟುಕೊಟ್ಟೆ.

ಅಜ್ಜ ಕೂತವನೇ ಬಸ್ಸಿಗೆಲ್ಲ ಕೇಳುವಂತೆ ಸಾರಿದ: "ಈ ಹುಡ್ಗಿ ಓದಿರೋದು ಸುಳ್ಳಲ್ಲ ಕಣ್ರಪ್ಪ."

ನನಗೆ ಸಿಕ್ಕ ಮೊದಲ ಮಾನ್ಯತೆ ಅದೇ. ನಿಂತುಕೊಂಡೇ ಪಡೆದದ್ದು.

ಕಡೂರಿನ ಕಾಲೇಜಿನಲ್ಲಿ ಕೆಲಸ ಸಿಕ್ಕ ಮೇಲೆ ಜರ್ನಲ್ ಶುರುಮಾಡಿದೆ. ಮೊದಲ ಸಂಚಿಕೆ ಬರೀ ಜೆರಾಕ್ಸ್ ಹಾಳೆಗಳು. ಸ್ಟೇಪ್ಲರಿನ ಪಿನ್ನು ಅಷ್ಟು ದಪ್ಪಕ್ಕೆ ಇಳಿಯದೆ, ಚೀಲ ಹೊಲಿಯುವ ದಬ್ಬಳದಲ್ಲಿ ಹೊಲಿದೆವು. ದೇವನೂರಿನಿಂದ ನಸುಕಿನ ಬಸ್ಸಿಗೆ ಬಂದು ಮೊದಲ ಪೀರಿಯಡ್ಡಿನಲ್ಲಿ ತೂಕಡಿಸುವ ಹುಡುಗಿಯರ ಬಗ್ಗೆ ನಾನು ಬರೆದೆ. ತರೀಕೆರೆಯ ಗೆಳತಿಯೊಬ್ಬಳು ಕುಡಿತ ಬಿಡಿಸಿಕೊಂಡು ಬಂದ ಗಂಡಸರು ಮತ್ತೆ ಅದೇ ಹಳೇ ಕುಡುಕರ ಕಟ್ಟೆಯ ಮೇಲೆ ಕೂರುವುದರ ಬಗ್ಗೆ ಬರೆದಳು. ಎಲ್ಲ ಕನ್ನಡದಲ್ಲಿ. ಯಾರ ಬಗ್ಗೆ ಬರೆದೆವೋ ಅವರ ಮನೆಯಲ್ಲಿ ಒಬ್ಬರಾದರೂ ಓದಿ ಹೇಳುವಂತಿರಬೇಕು ಎಂಬ ಹಟ ನನ್ನದು.

ಆಮೇಲೆ ಬೀರೂರಿನಲ್ಲಿ ಅಚ್ಚಿಗೆ ಕೊಟ್ಟೆವು. ಪ್ರೆಸ್ಸಿನ ಯಜಮಾನರು ಮುಖಪುಟ ನೋಡಿ ಕೇಳಿದರು, "ಅನ್ವಯಿಕ ಮನಃಶಾಸ್ತ್ರ ಅಂದ್ರೇನು ಮೇಡಂ?"

"ಜನರ ಕೆಲಸಕ್ಕೆ ಬರೋದು."

"ಹಂಗಾದ್ರೆ ಮಿಕ್ಕಿದ್ದು ಬರಲ್ವಾ?"

ಇದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ. ನಿಮಗೆ ಸಿಕ್ಕಿದರೆ ಹೇಳಿ.

ಜರ್ನಲ್ಲಿಗೆ ಒಂದು ದಾರಿ ಅಂತ ಸಿಕ್ಕಿದ್ದು ಅಜ್ಜಂಪುರದ ನನ್ನ ದೊಡ್ಡಮ್ಮನ ಮನೆಯಲ್ಲಿ. ಮನೆಯ ಹೆಂಗಸರು ಒಳಗೊಳಗೇ ನುಂಗುವ ಬೇಸರದ ಬಗ್ಗೆ ಬರೆಯಬೇಕೆಂದು ಇಂಗ್ಲಿಷಿನಿಂದ ಒಂದು ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದುಕೊಂಡಿದ್ದೆ. ಒಬ್ಬೊಬ್ಬರನ್ನೇ ಬೇರೆ ಕೂರಿಸಿ ಕೇಳಬೇಕು, ಪಕ್ಕದಲ್ಲಿ ಯಾರೂ ಇರಬಾರದು ಎಂಬುದು ನಿಯಮ. ದೊಡ್ಡಮ್ಮನನ್ನು ಕೋಣೆಗೆ ಕರೆದು ಬಾಗಿಲು ಹಾಕಿದೆ. ಅವಳು ಗಾಬರಿಯಾದಳು.

"ಬಾಗ್ಲು ಯಾಕೆ ಹಾಕ್ತೀಯೇ? ಯಾರ್ಗೇನಾಯ್ತು?"

ನಮ್ಮ ಕಡೆ ಬಾಗಿಲು ಹಾಕಿಕೊಂಡು ಮಾತಾಡುವುದು ಸಾವಿನ ಸುದ್ದಿ ಇದ್ದಾಗ, ಇಲ್ಲವೇ ಪಾಲು ಕೇಳುವಾಗ. ಇದು ಗೊತ್ತಿದ್ದೂ ಬಾಗಿಲು ಹಾಕಿದವಳು ಯಗಟಿಯಲ್ಲಿ ಹುಟ್ಟಿದ ನಾನೇ. ಓದು ಕೆಲವೊಮ್ಮೆ ಹೀಗೂ ಮಾಡುತ್ತದೆ. ಪ್ರತಿ ಪ್ರಶ್ನೆಗೂ ದೊಡ್ಡಮ್ಮನದು ಒಂದೇ ಉತ್ತರ: "ಏನೂ ಇಲ್ಲ ಕಣೇ, ಚೆನ್ನಾಗೇ ಇದೀನಿ." ಆಮೇಲೆ ಸೊಸೆ ಶೋಭಾ ಬಂದಳು. ಅವಳೂ ಚೆನ್ನಾಗೇ ಇದ್ದಳು. ನನ್ನ ಹಾಳೆಗಳ ಪ್ರಕಾರ ಅಂಥ ಸುಖದ ಮನೆ ಇಡೀ ಅಜ್ಜಂಪುರದಲ್ಲಿ ಇರಲಿಲ್ಲ.

ಕಾಗದ ಚೀಲಕ್ಕೆ ಹಾಕಿ ಜಗಲಿಗೆ ಬಂದೆ. ಅತ್ತೆ ಸೊಸೆ ಇಬ್ಬರೂ ಮೊರದ ಮುಂದೆ ಅವರೆಕಾಯಿ ಸುಲಿಯುತ್ತಿದ್ದರು. ದೊಡ್ಡಮ್ಮ ತಲೆಯೆತ್ತದೆ ಕೇಳಿದಳು, "ಇವ್ಳು ಹೇಳಿದ್ಲೇನೇ? ತವರಿಗೆ ಹೋಗಿ ಬಂದಾಗಿಂದ ಸರಿಯಾಗಿ ಉಣ್ಣಲ್ಲ. ತಟ್ಟೇಲಿ ಮುದ್ದೆ ಅರ್ಧ ಹಂಗೇ ಇರ್ತದೆ."

"ಅತ್ತೇದು ಬರ್ಕೊಂಡ್ರಾ ಅಕ್ಕ?" ಎಂದಳು ಶೋಭಾ. "ಮಾವ ಹೋದ್ಮೇಲೆ ರಾತ್ರಿಯೆಲ್ಲ ಹೊರಳಾಡ್ತಾರೆ. ಕೇಳಿದ್ರೆ ಸೊಳ್ಳೆ ಅಂತಾರೆ."

"ಸೊಳ್ಳೆ ಇರ್ಲಿಲ್ವೇನೇ?"

"ಸೊಳ್ಳೆ ಪರದೆ ಕಟ್ಕೊಂಡು ಮಲಗೋರು ನೀವು."

ದೊಡ್ಡಮ್ಮ ಒಂದು ಕಾಯಿ ಎತ್ತಿ ಸೊಸೆಯ ಮೇಲೆಸೆದಳು. ನಾನು ಜಗಲಿಯ ಮೇಲೆ ಮತ್ತೆ ಕೂತೆ. ತಮ್ಮ ನೋವನ್ನು ಯಾರೂ ಹೇಳಿಕೊಳ್ಳುವುದಿಲ್ಲ. ಇನ್ನೊಬ್ಬರದನ್ನು ಕೇಳಿದರೆ, ಅವರ ಎದುರಿಗೇ ಕೇಳಿದರೆ, ಬಾಯಿ ಬಿಡುತ್ತಾರೆ. ನಾವು ಕೇಳಬೇಕಾದ ರೀತಿಯೇ ಬೇರೆ ಎನಿಸಿತು. ಹೊಡೆತ ಬಡಿತದ ಮಾತಾದರೆ ಬಾಗಿಲು ಹಾಕಲೇಬೇಕು, ಅದನ್ನೂ ಆಮೇಲೆ ಕಲಿತೆವು. ಮಿಕ್ಕಂತೆ ಜಗಲಿಯೇ ಸರಿ. ಬೇರೆ ಮನೆಗಳಲ್ಲೂ ಹಾಗೇ ಕೇಳಿ, ಬಾಗಿಲು ಹಾಕಿ ಕೇಳಿದ್ದು, ಜಗಲಿಯಲ್ಲಿ ಕೇಳಿದ್ದು, ಎರಡೂ ಬಗೆಯ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಲೇಖನ ಬರೆದೆ.

ಅಷ್ಟರಲ್ಲಿ ಜರ್ನಲ್ಲಿಗೆ ವಿಶ್ವವಿದ್ಯಾಲಯದ ಮಾನ್ಯತೆ ಕೇಳಿ ಅರ್ಜಿ ಹಾಕಿದ್ದೆ. ಮಾನ್ಯತೆ ಇಲ್ಲದ ಕಡೆ ಬರೆದರೆ ಉಪನ್ಯಾಸಕರ ಬಡ್ತಿಗೆ ಪ್ರಯೋಜನವಿಲ್ಲ, ಪ್ರಯೋಜನವಿಲ್ಲದಿದ್ದರೆ ಬರೆಯುವವರಿಲ್ಲ, ಬರೆಯುವವರಿಲ್ಲದಿದ್ದರೆ ಜರ್ನಲ್ ಮುಚ್ಚಬೇಕು. ಮಾನ್ಯತೆ ಕೊಡುವ ಸಮಿತಿಯ ಅಧ್ಯಕ್ಷರು ನಂಜುಂಡಯ್ಯನವರೇ. ನನ್ನ ಆ ಲೇಖನವನ್ನು ತಿರುವಿಹಾಕಿ ಹೇಳಿದರು:

"ಇದು ಸಂಶೋಧನೆಯಲ್ಲಮ್ಮ, ಜಗಲಿ ಹರಟೆ. ಒಬ್ಬರ ಉತ್ತರ ಇನ್ನೊಬ್ಬರ ಬಾಯಿಂದ ಬಂದರೆ ಅದು ಕೆಟ್ಟ ಹಾಗೆ. ಈ ದಾರಿ ಬಿಡು, ಪೂರ್ತಿ ಇಂಗ್ಲಿಷಿಗೆ ಬಾ. ಆಮೇಲೆ ನೋಡೋಣ."

"ಬಾಗಿಲು ಹಾಕಿ ಕೇಳಿದ ಉತ್ತರಾನೂ ಅಲ್ಲೇ ಇದೆ ಸಾರ್. ಯಾವುದು ನಿಜ ನೀವೇ ಹೇಳಿ."

"ನಿಜ ಬೇರೆ, ವಿಧಾನ ಬೇರೆ" ಎಂದರು.

ಆ ವಾಕ್ಯ ನುಂಗಲು ನನ್ನಿಂದ ಆಗಲಿಲ್ಲ. ಅರ್ಜಿ ತಿರಸ್ಕಾರವಾಯಿತು. "ಬಡ್ತಿ ಹತ್ರ ಬಂದಿದೆ ಮೇಡಂ, ತಪ್ಪು ತಿಳ್ಕೋಬೇಡಿ" ಎಂದು ಒಬ್ಬೊಬ್ಬರಾಗಿ ಬರೆಯುವುದು ನಿಲ್ಲಿಸಿದರು. ತಪ್ಪು ತಿಳಿದುಕೊಂಡೆ, ಸುಳ್ಳು ಯಾಕೆ ಹೇಳಲಿ. ಸಂಚಿಕೆ ಮದುವೆಯ ಕರೆಯೋಲೆಯಷ್ಟು ತೆಳ್ಳಗಾಯಿತು. ಆದರೂ ದಾರಿ ಬದಲಿಸಲಿಲ್ಲ. ಬೇರೆ ಹೆಸರಿನಲ್ಲಿ ನಾನೇ ಬರೆದು ಪುಟ ತುಂಬಿಸಿದರೆ ಹೇಗೆ ಎಂದೂ ಒಮ್ಮೆ ಯೋಚಿಸಿದ್ದುಂಟು; ಓದುವವರಿಗೆ ನನ್ನ ಜಗಳಗಂಟಿ ಧಾಟಿ ಗೊತ್ತಾಗಿಬಿಡುತ್ತದೆಂದು ಬಿಟ್ಟೆ.

ಆಮೇಲೆ ಕಾಗದಗಳು ಬರತೊಡಗಿದವು. ದೂರದ ತಾಲ್ಲೂಕುಗಳ ಕಾಲೇಜುಗಳಿಂದ, ಮುಖ ನೋಡದ ಉಪನ್ಯಾಸಕರಿಂದ. "ನಮ್ಮಲ್ಲೂ ಬಾಗಿಲು ಹಾಕಿದರೆ ಬಾಯಿ ಮುಚ್ಚುತ್ತಾರೆ, ನಿಮ್ಮ ಹಾಗೆ ಕೇಳಿ ನೋಡಿದೆವು" ಎಂದು ಬರೆದು ಲೇಖನ ಕಳಿಸಿದರು. ಬಡ್ತಿಗೆ ಬಾರದ ಲೇಖನ ಎಂದು ಗೊತ್ತಿದ್ದೇ ಕಳಿಸಿದವರು. ಸಂಚಿಕೆ ದಪ್ಪವಾಯಿತು. ಅವನ್ನೆಲ್ಲ ಹೊತ್ತು, ದೊಡ್ಡಮ್ಮನ ಮನೆಯ ಲೇಖನವನ್ನೇ ಮೇಲಿಟ್ಟು, ಮತ್ತೆ ಅರ್ಜಿ ಹಾಕಿದೆ. ಪ್ರತಿ ಲೇಖನಕ್ಕೂ ಇಂಗ್ಲಿಷಿನಲ್ಲಿ ಒಂದು ಪುಟದ ಸಾರಾಂಶ ಕೊಡಲು ಒಪ್ಪಿದೆ. ಅದರಾಚೆಗೆ ಕನ್ನಡದ ಒಂದು ಅಕ್ಷರವನ್ನೂ ಬಿಟ್ಟುಕೊಡಲಿಲ್ಲ. ಸಮಿತಿಯಲ್ಲಿ ಹೆಚ್ಚಿನವರು ಈ ಸಲ ನಮ್ಮ ಕಡೆ ಕೈಯೆತ್ತಿದರು.

ಇವತ್ತು ಮಧ್ಯಾಹ್ನ ತರೀಕೆರೆಯ ಕಾಲೇಜಿನ ಸಭಾಂಗಣದಲ್ಲಿ ಸರ್ಟಿಫಿಕೇಟ್ ಕೊಡುವ ಕಾರ್ಯಕ್ರಮ. ದೊಡ್ಡಮ್ಮ, ಶೋಭಾ ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಕೊಟ್ಟವರು ನಂಜುಂಡಯ್ಯನವರು. ಫೋಟೋದವನಿಗೆ ಮುಖ ತೋರುತ್ತಲೇ ಮೆಲ್ಲಗೆ ಹೇಳಿದರು, "ಒಪ್ಪಿದ್ದು ಸಮಿತಿ ಕಣಮ್ಮ, ನಾನಲ್ಲ."

"ಜರ್ನಲ್‌ಗೆ ಅಷ್ಟು ಸಾಕು ಸಾರ್" ಎಂದೆ.

ವೇದಿಕೆ ಇಳಿದಾಗ ನನಗೆ ಗೆದ್ದ ಹಿಗ್ಗು. ಬೆಳಿಗ್ಗೆ ಶಾಯಿಯ ವಾಸನೆಗೆ ನೆಟ್ಟಗಾದ ಬೆನ್ನು ಇನ್ನೂ ಬಾಗಿರಲಿಲ್ಲ. ನೇರ ಹೋಗಿ ಸರ್ಟಿಫಿಕೇಟನ್ನು ದೊಡ್ಡಮ್ಮನ ಕೈಗೆ ಕೊಟ್ಟು, "ಖುಷಿಯಾಯ್ತಾ ದೊಡ್ಡಮ್ಮ?" ಎಂದು ಕೇಳಿದೆ. ಇಷ್ಟು ವರ್ಷ ಕೆಲಸ ಮಾಡಿಯೂ ಕೇಳಬಾರದ ರೀತಿಯಲ್ಲೇ ಕೇಳಿದ್ದೆ.

ದೊಡ್ಡಮ್ಮ ಕಾಗದವನ್ನು ಸೊಸೆಯ ತೊಡೆಯ ಮೇಲಿಟ್ಟಳು.

"ನಂದೇನೈತೆ ಬಿಡು. ಇವ್ಳು ನೋಡು, ಬೆಳಗಿಂದ ಬಾಯಿಗೆ ನೀರ್ ಹಾಕಿಲ್ಲ, ಕೊಡ್ತಾರೋ ಇಲ್ವೋ ಅಂತ."