ಕಾಡುದಾರಿಯ ಕಲ್ಲಿಗೊಂದು ಎಲೆ

ಇಪ್ಪತ್ತು ವರ್ಷಗಳ ಹಿಂದೆ, ಕ್ರೈಸ್ತರ ನಂಬಿಕೆಯನ್ನೂ ಕಾಡಿನವರ ನಂಬಿಕೆಯನ್ನೂ ಹೋಲಿಸಿ ಎಂ.ಎ. ಪ್ರಬಂಧ ಬರೆಯಲು ಹೊರಟ ನಾನು, ಹಂಗಳ ಊರಿನಾಚೆಯ ಬುಡಕಟ್ಟಿನವರ ಹಾಡಿಯ ಅಜ್ಜಿಯೊಬ್ಬಳ ಹಿಂದೆ ಕಾಡುದಾರಿ ಹಿಡಿದಿದ್ದೆ. ಅವಳ ಕೊರಳಲ್ಲಿ ಶಿಲುಬೆಯಿತ್ತು. ಆದರೂ ದಾರಿಬದಿಯ ಕಲ್ಲಿಗೆ ಒಂದೆಲೆ ಕಿತ್ತು ಹಾಕಿ ಕೈಮುಗಿದಳು. ನಾನು ಹಾಕಲಿಲ್ಲ, ಓದಿದವನೆಂಬ ಕೊಬ್ಬು.

"ಯೇಸು ಇರುವಾಗ ಇದ್ಯಾಕಜ್ಜಿ?" ಎಂದು ಕೇಳಿದೆ.

"ನಾವ್ ಸತ್ಮೇಲೆ ಯೇಸಪ್ಪ ನೋಡ್ಕತಾನೆ ಕಣ್ ಮಗ. ಕಾಡು ಈಗ್ಲೇ ನೋಡ್ತಾ ಅದೆ."

ಅದನ್ನು ಬರೆದುಕೊಳ್ಳುತ್ತಿದ್ದಂತೆ ಪಕ್ಕದ ಪೊದೆಯಲ್ಲಿ ಕೊಂಬೆಯೊಂದು ಲಟಕ್ಕೆಂದು ಮುರಿಯಿತು. ಆನೆ! ಅದರ ಉಸಿರು ಕೇಳಿಸುವಷ್ಟು ಹತ್ತಿರವಿತ್ತು. ಅಜ್ಜಿ ಅಲುಗಾಡದೆ ನಿಂತಳು. ನಾನು ಪುಸ್ತಕವನ್ನು ಎದೆಗವಚಿಕೊಂಡು ಅವಳ ಬೆನ್ನ ಹಿಂದೆ ಅಡಗಿದೆ. ಎಷ್ಟೋ ಹೊತ್ತಿನ ಮೇಲೆ ಸದ್ದು ದೂರವಾಯಿತು.

ನಾನು ಕಲ್ಲಿನ ಬಳಿಗೆ ಓಡಿದೆ. ಒಂದೆಲೆ ಸಾಕಿತ್ತು. ಇಡೀ ಕೊಂಬೆಯನ್ನೇ ಮುರಿದು ಹಾಕಿದೆ.